ಎರವಲು ತಾಳಿ

ಹೋದ ತಿಂಗಳು ಜೆ.ಪಿ. ನಗರದಲ್ಲಿ ನನ್ನ ತಂಗಿಯ ಮೊಮ್ಮಗಳ ಹುಟ್ಟುಹಬ್ಬವಿತ್ತು. ಕೆಲಸವಿಲ್ಲದೆ ಕೂತಿದ್ದ ನಮ್ಮಂಥ ಮುದುಕಿಯರಿಗೆ ಬಲೂನು ಊದುವ ಕೆಲಸ ಹಚ್ಚಿದರು. ಒಂದನ್ನು ಬಾಯಿಗಿಟ್ಟೆ. ರಬ್ಬರು, ಅದರ ಮೇಲೆ ತೆಳ್ಳಗೆ ಬಿಳಿ ಪೌಡರು. ಆ ವಾಸನೆ ಮೂಗಿಗೆ ಹೊಡೆಯಿತು. ಬಲೂನನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡಿದೆ.

"ಏನಾಯ್ತಮ್ಮ?" ಮಗಳು ಹಿಂದೆಯೇ ಬಂದಳು.

"ಏನಿಲ್ಲ. ರಬ್ಬರ್ ವಾಸನೆ, ಅಸಹ್ಯ."

"ಬಲೂನು ಅಲ್ವಾ, ಮತ್ತೇನು ಮಲ್ಲಿಗೆ ವಾಸನೆ ಬರುತ್ತಾ?" ಎಂದು ನಕ್ಕು ಹೋದಳು.

ಸೋಪು ಹಾಕಿ ಎರಡು ಸಲ ಕೈ ತೊಳೆದೆ. ತೊಳೆದರೆ ಹೋಗುವಂಥದಲ್ಲ. ಅದು ನಾನು ಬಿ.ಟಿ.ಎಂ. ಲೇಔಟಿನಲ್ಲಿ ನರ್ಸಾಗಿದ್ದಾಗಿನ ಒಂದು ಮಳೆಗಾಲದ ವಾಸನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಡಿವಾಳ ಮಾರ್ಕೆಟ್ಟಿಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಮನೆಯ ಕೆಳಗಿನ ಮೂರು ಕೋಣೆಗಳಲ್ಲಿ ನಮ್ಮ ಹೆಂಗಸರ ಕ್ಲಿನಿಕ್ ನಡೆಯುತ್ತಿತ್ತು. ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನ ಎರಡರಿಂದ ಐದು. ಬಸಿರು ತಡೆಯುವ ವಂಕಿ ಹಾಕುವುದು, ಗರ್ಭ ನಿಲ್ಲದ ಮಾತ್ರೆ ಕೊಡುವುದು, ಬಸುರಿಯರನ್ನು ನೋಡುವುದು, ಬಿಳಿ ಸೆರಗು ಹೋಗುವವರಿಗೆ, ಗಂಡಸರು ತಂದು ಅಂಟಿಸಿದ ರೋಗಕ್ಕೆ ಮದ್ದು ಕೊಡುವುದು, ಇಷ್ಟು ನಮ್ಮ ಕೆಲಸ. ಬರುವವರು ಗಾರ್ಮೆಂಟ್ಸ್ ಹುಡುಗಿಯರು, ತರಕಾರಿ ಮಾರುವವರು, ಆಫೀಸು ಗುಡಿಸುವವರು. ಡಾಕ್ಟರು ವಿಮಲಾ, ಸರ್ಕಾರಿ ಕೆಲಸದಿಂದ ರಿಟೈರ್ ಆಗಿ ಬಸವನಗುಡಿಯಿಂದ ಬರುತ್ತಿದ್ದರು. ಆಯಾ ಕೆಲಸಕ್ಕೆ ಮುನಿಯಮ್ಮ. ನಾನು ಸಿಸ್ಟರ್ ನಾಗರತ್ನ, ಚಿಕ್ಕಲಸಂದ್ರದಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದವಳು. ಟೋಕನ್ ಮೇಜಿನ ಮೇಲೆ ನನ್ನದೇ ರಾಜ್ಯ.

ನಡೆಸುತ್ತಿದ್ದದ್ದು ಜಯನಗರದ ಕೆಲವು ದೊಡ್ಡ ಮನುಷ್ಯರ ಒಂದು ಟ್ರಸ್ಟು. ಆ ವರ್ಷ ಹೊರದೇಶದಿಂದ ಬರುತ್ತಿದ್ದ ನೆರವು ನಿಂತುಹೋಯಿತು. ಮೊದಲು ಖಾಲಿಯಾದದ್ದು ಗ್ಲೌಸು. ಒಂದು ಸಲ ಹಾಕಿ ಬಿಸಾಡಬೇಕಾದ ಗ್ಲೌಸನ್ನು ತೊಳೆದು ತೊಳೆದು ಹಾಕಿಕೊಳ್ಳುವ ಕಾಲ ಬಂತು. ಕ್ಲಿನಿಕ್ ಮುಗಿದ ಮೇಲೆ ನಾನೂ ಮುನಿಯಮ್ಮನೂ ಕೂತು ಅವನ್ನು ಸೋಪಿನಲ್ಲಿ ಉಜ್ಜಿ, ಬಾಯಿಂದ ಗಾಳಿ ಊದಿ, ತುದಿ ತಿರುಚಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ತೂತು, ಬರದಿದ್ದರೆ ಇನ್ನೊಂದು ಸಲಕ್ಕೆ ಎಂದು ಬೇರೆ ಮಾಡುತ್ತಿದ್ದೆವು. ಮಹಡಿಯ ಮೇಲೆ ಹಗ್ಗ ಕಟ್ಟಿ ಒಣಹಾಕುತ್ತಿದ್ದೆವು. ಮಳೆಗೆ ಒಣಗದಿದ್ದರೆ ಟೋಕನ್ ಮೇಜಿನ ಹಿಂದೆಯೇ ತೂಗುಹಾಕುವುದು. ಆಮೇಲೆ ಪೌಡರ್ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಅನ್ನದ ಪ್ರೆಷರ್ ಕುಕ್ಕರಿನಲ್ಲಿಟ್ಟು ಸೀಟಿ ಹಾಕಿಸುವುದು. ಬೆಂದ ರಬ್ಬರು, ಪೌಡರು, ಸೀಮೆಎಣ್ಣೆ ಸ್ಟೌವು, ಒದ್ದೆ ಗೋಡೆ, ಇವೆಲ್ಲ ಸೇರಿದ ವಾಸನೆ ಸೀರೆಗೆ ಹತ್ತಿ ಮನೆಗೂ ಬರುತ್ತಿತ್ತು. ಆ ಕೈಯಲ್ಲಿ ಅನ್ನ ಕಲಸಿಕೊಂಡರೆ ತುತ್ತು ಗಂಟಲಿಗಿಳಿಯುತ್ತಿರಲಿಲ್ಲ.

ಆದರೂ ಆ ವಾಸನೆಗಿಂತ ಹೇಸಿಗೆಯದು ಬಂದದ್ದು ಆಷಾಢದಲ್ಲಿ. ಟ್ರಸ್ಟಿನ ಕಾರ್ಯದರ್ಶಿ ಶೇಷಗಿರಿ ರಾಯರು ಮೀಟಿಂಗ್ ಕರೆದರು. ರೋಗಿಗಳು ಕೂರುವ ಬೆಂಚುಗಳನ್ನೇ ಸರಿಸಿ ಕುರ್ಚಿ ಹಾಕಿಸಿ, ಕೇಸರಿಬಾತು, ಉದ್ದಿನವಡೆ ತರಿಸಿದ್ದರು. ರಾಯರು ಬೆರಳಿನ ತುಪ್ಪವನ್ನು ಒಂದೊಂದಾಗಿ ಚೀಪಿ, ಕರ್ಚೀಫಿನಿಂದ ಒರೆಸಿಕೊಂಡು ಮಾತು ಶುರುಮಾಡಿದರು.

"ನೋಡಿ, ಇರೋದು ಸ್ವಲ್ಪ. ಇರೋದನ್ನ ಸಂಸಾರಸ್ಥರಿಗೆ ಕೊಡೋಣ. ಅಪಾತ್ರ ದಾನ ಮಾಡಿದ್ರೆ ಕೊಟ್ಟೋರಿಗೂ ಪುಣ್ಯ ಇಲ್ಲ, ತಗೊಂಡೋರಿಗೂ ಶ್ರೇಯಸ್ಸಿಲ್ಲ. ಇನ್ಮೇಲೆ ಕೊರಳಲ್ಲಿ ತಾಳಿ ಇದ್ರೆ ಮಾತ್ರ ಟೋಕನ್."

ಡಾಕ್ಟರು ತಟ್ಟೆ ಮುಟ್ಟಿರಲಿಲ್ಲ. "ರೋಗ ಏನು ತಾಳಿ ನೋಡ್ಕೊಂಡು ಬರುತ್ತಾ ರಾಯರೇ?"

"ರೋಗ ನೋಡಲ್ಲ ಡಾಕ್ಟ್ರೇ, ದಾನ ಕೊಡೋರು ನೋಡ್ತಾರೆ. ನಿಮಗೆ ಈ ಜಾಗ ಬೇಕೋ ಬೇಡ್ವೋ ಹೇಳಿ."

ಡಾಕ್ಟರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಪೂರಾ ಮುಚ್ಚಿಹೋಗುವುದಕ್ಕಿಂತ ಅರ್ಧ ತೆರೆದಿರುವುದು ವಾಸಿ ಎಂದು ಆಮೇಲೆ ನನ್ನೆದುರು ಹೇಳಿದರು. ಒಳಗೆ ಬಂದವರ ಕೊರಳು ನಾನು ನೋಡುವುದಿಲ್ಲ, ಒಳಗೆ ಬಿಡುವುದು ನಿನ್ನ ಕೈಯಲ್ಲಿದೆ ನಾಗರತ್ನ, ಎಂದೂ ಹೇಳಿದರು. ಅವರು ಏನು ಸೂಚಿಸುತ್ತಿದ್ದಾರೆ ಎಂದು ಅರ್ಥವಾಗದಷ್ಟು ದಡ್ಡಿ ನಾನಲ್ಲ. ಆದರೆ ನಿಜ ಹೇಳಿಬಿಡುತ್ತೇನೆ, ರಾಯರ ಮಾತು ನನಗೆ ತಪ್ಪು ಎನಿಸಿರಲಿಲ್ಲ. ಕೇಸರಿಬಾತನ್ನೂ ಚೊಕ್ಕವಾಗಿ ತಿಂದೆ. ನಾನು ಬೆಳಿಗ್ಗೆ ಎದ್ದು ತಾಳಿ ಕಣ್ಣಿಗೊತ್ತಿಕೊಂಡೇ ನೆಲಕ್ಕೆ ಕಾಲಿಡುತ್ತಿದ್ದವಳು. ಮದುವೆಯಾಗದ ಹುಡುಗಿಯರು ಬಂದು ಮಾತ್ರೆ ಕೇಳಿದಾಗ ಒಳಗೊಳಗೇ ಥೂ ಎನ್ನುತ್ತಿದ್ದವಳು. ಹಾಗೆ ಅನ್ನುವುದಕ್ಕೆ ಈಗ ಒಂದು ನಿಯಮವೇ ಸಿಕ್ಕಿತ್ತು.

ಜಿಟಿಜಿಟಿ ಮಳೆಯ ಒಂದು ಗುರುವಾರ ಗಂಗವ್ವ ಬಂದಳು. ಹಾವೇರಿ ಕಡೆಯವಳು, ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಬಿ.ಟಿ.ಎಂ.ನಲ್ಲೇ ಒಂದು ವಠಾರದ ಕೋಣೆಯಲ್ಲಿದ್ದು ಆಫೀಸೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಳು. ಕಿಬ್ಬೊಟ್ಟೆ ಹಿಡಿದುಕೊಂಡೇ ಮೇಜಿನ ಮುಂದೆ ನಿಂತಳು. ಕೊರಳು ಬೋಳು.

"ಹೊಟ್ಟಿ ಭಾಳ ನೋಯ್ತೈತ್ರಿ ಸಿಸ್ಟರ್. ನಾಕು ದಿನ ಆತು, ಜ್ವರಾನೂ ಐತಿ. ಕೆಟ್ಟ ವಾಸನಿ ಬರಾಕತ್ತೈತ್ರಿ."

"ಮದುವೆ ಆಗಿದೆಯಾ?"

"ಆಗೈತ್ರಿ."

"ತಾಳಿ ಎಲ್ಲಿ?"

"ಅವನ ಮಾರಿಗೆ ಒಗದು ಬಂದೀನ್ರಿ. ಈ ರೋಗ ಕೊಟ್ಟಾವನೂ ಅವನ."

ಕೈ ಜೋಡಿಸಿ ಬೇಡಿಕೊಂಡಿದ್ದರೆ ಬಿಡುತ್ತಿದ್ದೆನೋ ಏನೋ. ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, ಅದೇ ನನಗೆ ಸಹಿಸಲಾಗಲಿಲ್ಲ. ತಾಳಿಯನ್ನು ಮುಖಕ್ಕೆಸೆದು ಬಂದವಳು!

"ಹಾಗಾದ್ರೆ ಗಂಡನ್ನ ಕರ್ಕೊಂಡು ಬಾ. ಇಲ್ಲ, ದೊಡ್ಡಾಸ್ಪತ್ರೆಗೆ ಹೋಗು. ಇಲ್ಲಿ ರೂಲ್ಸ್ ಇದೆ."

"ದೊಡ್ಡಾಸ್ಪತ್ರಿಗೆ ಹೋದ್ರ ಇಡೀ ದಿನ ಹೋಗತೈತ್ರಿ. ಕೆಲಸದಿಂದ ತಗದುಬಿಡ್ತಾರ."

"ಅದಕ್ಕೆ ನಾನೇನು ಮಾಡ್ಲಿ? ಮುಂದೆ ಯಾರು, ಬನ್ನಿ."

ಡಾಕ್ಟರ ಕೋಣೆ ಅಲ್ಲಿಂದ ಹತ್ತು ಹೆಜ್ಜೆ. ನಡುವೆ ಒಂದು ಹಸಿರು ಪರದೆ. ಅದನ್ನು ಸರಿಸಿ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು. ಅವಳು ನಿಂತಿದ್ದ ಜಾಗದಲ್ಲಿ ಕೆಸರಾಗಿತ್ತು, ಒರೆಸು ಎಂದು ಮುನಿಯಮ್ಮನಿಗೆ ಹೇಳಿದೆ.

ಅದಾದ ಮೇಲೆ ಒಂದು ವಿಚಿತ್ರ ನಡೆಯಿತು. ಬೋಳು ಕೊರಳಿನವರೆಂದು ನಾನು ವಾಪಸು ಕಳಿಸಿದ್ದ ಒಬ್ಬೊಬ್ಬರೇ ತಾಳಿ ಹಾಕಿಕೊಂಡು ಬರತೊಡಗಿದರು. ಚಿನ್ನದ್ದಲ್ಲ, ಅರಿಶಿನ ದಾರಕ್ಕೆ ಅರಿಶಿನದ ಕೊಂಬು ಕಟ್ಟಿದ್ದು. ನಾನು ಟೋಕನ್ ಕೊಡುತ್ತಿದ್ದೆ. ಆಷಾಢದಲ್ಲಿ ಇಷ್ಟೊಂದು ಮದುವೆ ಎಲ್ಲಿ ನಡೆಯುತ್ತಿವೆ ಎಂದು ಯೋಚಿಸಬೇಕಿತ್ತು, ಅದೂ ತಲೆಗೆ ಹೋಗಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಂದು ಪಿನ್ನು. ನಮ್ಮ ಹೆಂಗಸರು ತಾಳಿ ದಾರಕ್ಕೆ ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡಿರುತ್ತಾರಲ್ಲ, ಹಾಗೆ ಆ ದಾರದಲ್ಲಿ ಎರಡಿದ್ದವು, ಅದರಲ್ಲೊಂದು ತುಕ್ಕು ಹಿಡಿದು ಸೊಟ್ಟಗಾಗಿತ್ತು. ಅದೇ ಸೊಟ್ಟ ಪಿನ್ನನ್ನು ಹಿಂದಿನ ಶನಿವಾರ ಇನ್ನೊಬ್ಬಳ ಕೊರಳಲ್ಲಿ ನೋಡಿದ್ದೆ. ಅದಕ್ಕೂ ಮುಂಚೆ ಮತ್ತೊಬ್ಬಳಲ್ಲಿ.

ಈ ಸಲ ಹಾಕಿಕೊಂಡು ಬಂದವಳು ಶಶಿ ಎನ್ನುವ ಗಾರ್ಮೆಂಟ್ಸ್ ಹುಡುಗಿ. ಆವತ್ತು ಗುರುವಾರ, ಗಂಗವ್ವ ಬಂದುಹೋಗಿ ಎರಡು ವಾರವಾಗಿತ್ತು. ಶಶಿ ಡಾಕ್ಟರನ್ನು ನೋಡಿ, ಮಾತ್ರೆ ತೆಗೆದುಕೊಂಡು ಹೊರಗೆ ಬರುವವರೆಗೆ ಕಾದಿದ್ದೆ. ಕೈ ಹಿಡಿದು ಮೂಲೆಗೆ ಎಳೆದೆ.

"ಯಾರದೇ ಇದು ತಾಳಿ?"

ಹುಡುಗಿ ಬಿಳಿಚಿಕೊಂಡಳು. "ನಮ್ ವಠಾರದಲ್ಲಿ... ಇಲ್ಲಿಗೆ ಬರೋರು ಹಾಕ್ಕೊಂಡು ಬರ್ತೀವಿ ಸಿಸ್ಟರ್."

"ತಾಳಿ ಅಂದ್ರೆ ಆಟದ ಸಾಮಾನು ಅಂದ್ಕೊಂಡ್ರಾ? ನಾಚಿಕೆ ಆಗಲ್ವಾ ನಿಮಗೆ?"

ತೆಗೆ ಎಂದೆ. ತೆಗೆಯಲಿಲ್ಲ. ನಾನೇ ಕೈ ಹಾಕಿ ಅವಳ ತಲೆಯ ಮೇಲಿನಿಂದ ಎಳೆದುಕೊಂಡೆ. ಬೆವರಿಗೂ ಮಳೆಗೂ ಒದ್ದೆಯಾಗಿದ್ದ ಆ ದಾರ ಬೆರಳಿಗೆ ಅಂಟಿತು. ಎಷ್ಟು ಜನರ ಕೊರಳಿನ ಕೊಳೆಯೋ ಎನಿಸಿತು. ಮೇಜಿನ ಡ್ರಾಯರಿಗೆ ಎಸೆದು ಬೀಗ ಹಾಕಿದೆ.

"ಸಿಸ್ಟರ್, ಕಾಲಿಗೆ ಬೀಳ್ತೀನಿ, ಕೊಡಿ. ಇನ್ನೊಬ್ರು ಕಾಯ್ತಿದಾರೆ, ತುಂಬ ಜ್ವರ..."

"ಹೋಗ್ತೀಯೋ, ರಾಯರಿಗೆ ಹೇಳ್ಲೋ?"

ಅಳುತ್ತ ಓಡಿದಳು. ಕಿಟಕಿಯಿಂದ ನೋಡಿದೆ. ಮೂಲೆಯ ಬೇಕರಿಯ ಮುಂದೆ, ತಗಡಿನ ಮಾಡಿನ ಕೆಳಗೆ ಯಾರೋ ಹೆಂಗಸು ಮಂಡಿಗೆ ತಲೆ ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದಳು. ಶಶಿ ಹೋಗಿ ಅವಳ ಪಕ್ಕ ನಿಂತಳು. ಮಳೆಗೆ ಮುಖ ಕಾಣಲಿಲ್ಲ. ನಾನು ಕಿಟಕಿಯಿಂದ ತಿರುಗಿ ಮುಂದಿನ ಟೋಕನ್ ಕರೆದೆ. ಐದಕ್ಕೆ ಡಾಕ್ಟರು ಹೊರಟುಹೋದರು.

ಗ್ಲೌಸು ತೊಳೆಯಲು ಕೂತಿದ್ದಾಗ ಒಬ್ಬ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು. ಐವತ್ತರ ಹತ್ತಿರದವಳು, ಸೆರಗನ್ನು ಕೊರಳ ಸುತ್ತ ಬಿಗಿದು ಹಿಡಿದಿದ್ದಳು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ರಾಜಮ್ಮ. ಮುಖ ನೋಡಿ ಗುರುತಿತ್ತು.

"ನನ್ ತಾಳಿ ಕೊಡಿ ಸಿಸ್ಟರಮ್ಮ."

ನನಗೆ ತಕ್ಷಣ ಹೊಳೆಯಲಿಲ್ಲ. "ಯಾವ ತಾಳಿ?"

"ನೀವು ಆ ಹುಡುಗಿ ಕೊರಳಿಂದ ಕಿತ್ಕೊಂಡ್ರಲ್ಲ, ಅದು. ಸುಳ್ಳು ತಾಳಿ ಅಲ್ಲಮ್ಮ ಅದು. ನಮ್ಮೆಜಮಾನ್ರು ಕಟ್ಟಿದ್ದು. ಚಿನ್ನದ್ದು ಮಕ್ಕಳ ಮದುವೆಗೆ ಹೋಯ್ತು, ಆಗ ಅವರೇ ಈ ಕೊಂಬು ಕಟ್ಟಿದ್ರು. ಅವರು ವಾಚ್‌ಮನ್ನು, ರಾತ್ರಿ ಡ್ಯೂಟಿ, ಮಧ್ಯಾಹ್ನ ಮಲಗಿರ್ತಾರೆ. ಅವರು ಏಳೋದರೊಳಗೆ ತಂದು ಕೊಟ್ಬಿಡ್ತಿದ್ರು ಹುಡುಗೀರು. ಇವತ್ತು ಎದ್ದುಬಿಟ್ಟವ್ರೆ."

ಡ್ರಾಯರಿನ ಬೀಗ ತೆಗೆದೆ. ಸುಮಂಗಲಿಯೊಬ್ಬಳಿಗೆ ಗಂಡ ಕಟ್ಟಿದ ತಾಳಿಯನ್ನು ಕಿತ್ತು ಬೀಗ ಹಾಕಿ ಇಟ್ಟಿದ್ದೆ. ನನ್ನ ಶಾಸ್ತ್ರದ ಪ್ರಕಾರವೇ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಕಟ್ಟಿದ ತಾಳಿ ಯಾರಾದ್ರೂ ಎರವಲು ಕೊಡ್ತಾರೇನಮ್ಮ?"

"ಕೊಟ್ರೆ ಸವೆಯುತ್ತಾ?" ಎಂದಳು ರಾಜಮ್ಮ. "ಸುಳ್ಳು ದಾರ ಕಟ್ಕೊಂಡು ಹೋಗ್ತೀವಿ ಅಂತಿದ್ರು ಆ ಮಕ್ಕಳು. ಸುಳ್ಳು ತಾಳಿ ಬೇಡ, ದೋಷ ತಟ್ಟುತ್ತೆ, ನಂದೇ ಹಾಕ್ಕೊಂಡ್ ಹೋಗಿ ಅಂದೆ. ಮಂಗಳವಾರ ಮಾತ್ರ ಕೊಡ್ತಿರ್ಲಿಲ್ಲ. ಮಂಗಳವಾರ ಕೊಡೋ ಹಾಗಿದ್ದಿದ್ರೆ ಗಂಗವ್ವನ ಸರದಿ ಮೊನ್ನೇನೇ ಬಂದಿರೋದು."

"ಯಾವ ಗಂಗವ್ವ?"

"ಹಾವೇರಿ ಹುಡುಗಿ. ನಮ್ ಸಂದೀಲಿರೋ ಡಾಕ್ಟ್ರ ಹತ್ರ ಸೂಜಿ ಹಾಕಿಸ್ಕೊಂಡು ಹೆಂಗೋ ತಡ್ಕೊಂಡಿತ್ತು. ಇವತ್ತು ಶಶಿ ಆದ್ಮೇಲೆ ಅವಳೇ ಹಾಕ್ಕೊಂಡ್ ಬರ್ಬೇಕಾಗಿತ್ತು. ಬೇಕರಿ ಮುಂದೆ ಕಾಯ್ತಾ ಅಲ್ಲೇ ಬಿದ್ಬಿಟ್ಲಂತೆ. ಆಟೋದಲ್ಲಿ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಹೋದ್ರು."

ರಾಜಮ್ಮ ತಾಳಿ ಹಾಕಿಕೊಂಡು, ಕಣ್ಣಿಗೊತ್ತಿಕೊಂಡು ಮಳೆಯಲ್ಲೇ ಓಡಿದಳು. ನಾನು ಬಕೆಟ್ಟಿನ ಮುಂದೆ ಬಂದು ಕೂತೆ. ಮುನಿಯಮ್ಮ ನನ್ನನ್ನು ಒಂದು ಸಲ ನೋಡಿ ಮತ್ತೆ ಗ್ಲೌಸು ಉಜ್ಜತೊಡಗಿದಳು. ನೀರಿನಲ್ಲಿ ಮುಳುಗಿಸಿದ ಗ್ಲೌಸಿನಿಂದ ಗುಳ್ಳೆ ಏಳುತ್ತಿತ್ತು, ಅದನ್ನು ಎತ್ತಿಡಬೇಕೆಂದೂ ತೋಚಲಿಲ್ಲ.

ಗಂಗವ್ವ ಸಾಯಲಿಲ್ಲ. ಗರ್ಭನಾಳಗಳಲ್ಲಿ ಕೀವು ತುಂಬಿ ಒಡೆದಿತ್ತು. ಆಪರೇಷನ್ ಮಾಡಿ ಎರಡೂ ಕಡೆಯ ನಾಳಗಳನ್ನು ತೆಗೆದರು. ಶನಿವಾರ ನಾನು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವಾರ ಮೊದಲು ನನ್ನ ಹತ್ರ ಬಂದಿದ್ರೆ ಮಾತ್ರೆಯಲ್ಲೇ ಹೋಗ್ತಿತ್ತು ನಾಗರತ್ನ. ಆ ಮಾತ್ರೆ ನಮ್ಮ ಬೀರುವಲ್ಲೇ ಇತ್ತು, ಖಾಲಿಯಾಗಿರ್ಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದು ಸುಳ್ಳಲ್ಲ," ಎಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾರ್ಡಿಗೆ ಹೋಗಿದ್ದೆ. ಒಂದು ಮಂಚಕ್ಕೆ ಇಬ್ಬರಂತೆ ಮಲಗಿಸಿದ್ದರು. ಗಂಗವ್ವ ಗೋಡೆಯ ಕಡೆಗಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಬೇಡವೆಂದೆ. ಎರಡು ಕಿತ್ತಳೆ ಹಣ್ಣು ತಲೆಯ ಹತ್ತಿರ ಇಟ್ಟೆ. ಹಣ್ಣು ಕೊಡುವುದಕ್ಕೂ ಒಂದು ನಾಚಿಕೆ ಬೇಡವೆ!

"ಅವತ್ತು ನನ್ನ ಪಾಳಿ ಇತ್ರಿ ಸಿಸ್ಟರ್," ಎಂದಳು. ದೂರುವ ದನಿಯಲ್ಲ, ಬಸ್ಸು ತಪ್ಪಿತು ಎಂದು ಹೇಳುವ ಹಾಗೆ. ಆಮೇಲೆ ಮೆಲ್ಲಗೆ ಕೇಳಿದಳು, "ನನಗ ಮುಂದ ಮಕ್ಕಳಾಗ್ತಾವೇನ್ರಿ?"

"ಡಾಕ್ಟ್ರನ್ನ ಕೇಳು," ಎಂದೆ. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೆಟ್ಟಿಲಿಳಿದು ಬಂದು ಬನಶಂಕರಿ ಬಸ್ಸು ಹತ್ತಿದೆ. ತಿಂಗಳಾದ ಮೇಲೆ ಅವಳು ಊರಿಗೆ ಹೋದಳೆಂದು ಶಶಿ ಹೇಳಿದಳು.

ಗಣೇಶನ ಹಬ್ಬ ಕಳೆದ ಮೇಲೆ ಜಯನಗರದ ಒಂದು ಸಭಾಂಗಣದಲ್ಲಿ ಟ್ರಸ್ಟಿನ ವಾರ್ಷಿಕೋತ್ಸವ ನಡೆಯಿತು. ಗ್ಲೌಸಿಗೆ ಗತಿಯಿಲ್ಲದ ನಮಗೆ ಗಂಧದ ಹಾರ, ಹಣ್ಣಿನ ಬುಟ್ಟಿ, ಬೆಳ್ಳಿ ಲೋಟಕ್ಕೆ ಗತಿಯಿತ್ತು. ರಾಯರು ಮೈಕಿನ ಮುಂದೆ ನಿಂತು, ಕಡಿಮೆ ಸಂಪನ್ಮೂಲದಲ್ಲೂ ಸೇವೆ ನಿಲ್ಲದಂತೆ ನಡೆಸಿದ್ದೇವೆ, ಇದಕ್ಕೆ ಕಾರಣ ಶಿಸ್ತು, ಆ ಶಿಸ್ತಿಗೆ ಕಾರಣ ನಮ್ಮ ಸಿಸ್ಟರ್ ನಾಗರತ್ನ ಎಂದರು. ವೇದಿಕೆಗೆ ಕರೆದು ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು ಎರಡನೆಯ ಸಾಲಿನಲ್ಲಿ ಕೂತು ತಮ್ಮ ಚಪ್ಪಲಿ ನೋಡುತ್ತಿದ್ದರು. ನಾನು ಶಾಲನ್ನು ಬಿಸಾಡಲಿಲ್ಲ, ಮೈಕನ್ನು ಕಿತ್ತುಕೊಳ್ಳಲಿಲ್ಲ. ನಗುತ್ತ ಫೋಟೋಕ್ಕೆ ನಿಂತೆ. ಆ ಫೋಟೋ ಎಲ್ಲಿ ಹೋಯಿತೋ, ಸಿಕ್ಕಿದರೆ ಒಲೆಗೆ ಹಾಕುತ್ತೇನೆ. ಶಾಲನ್ನು ಹರಿದು ಗ್ಲೌಸು ಸುತ್ತಲು ಬಳಸಿದೆ. ಅದು ನೈಲಾನು, ಕುಕ್ಕರಿನಲ್ಲಿ ಸುಟ್ಟ ವಾಸನೆ ಬಂತು.

ಮರುವಾರದ ಗುರುವಾರ ಕೊರಳು ಬೋಳಾಗಿದ್ದ ಒಬ್ಬಳು ಬಂದು ನಿಂತಳು. ಬೆಂಚಿನ ಮೇಲೆ ಹತ್ತಾರು ಕಣ್ಣು, ಯಾರು ಯಾವಾಗ ರಾಯರ ಕಿವಿಗೆ ಹಾಕುತ್ತಾರೋ ತಿಳಿಯದು. ನಾನು ಒಳಗಿನ ಕೋಣೆಗೆ ಹೋಗಿ ನನ್ನ ಚಿನ್ನದ ತಾಳಿ ಸರ ತೆಗೆದು, ಬಿಳಿ ಕೋಟಿನ ಕಾಲರು ಮೇಲಕ್ಕೆಳೆದುಕೊಂಡು ಬಂದೆ. ಅವಳನ್ನು ಗ್ಲೌಸು ತೂಗುಹಾಕಿದ್ದ ಹಗ್ಗದ ಹಿಂದಕ್ಕೆ ಕರೆದು, "ಹಾಕ್ಕೊಂಡು ಒಳಗೆ ಹೋಗು, ಬರೋವಾಗ ಕೊಡು," ಎಂದೆ. ಅವಳು ಹೆದರಿಕೊಂಡಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಸುದ್ದಿ ಹೇಗೋ ವಠಾರ ಮುಟ್ಟಿತು. ಗುರುವಾರ, ಶನಿವಾರ ರಾಜಮ್ಮನದು, ನನ್ನದು, ಎರಡು ತಾಳಿ ಓಡಾಡತೊಡಗಿದವು. ಮಂಗಳವಾರವೂ ನಾನು ಕೊಟ್ಟೆ, ಆ ಭಯವೂ ಹೋಗಿತ್ತು. ಒಂದು ದಿನ ರಾಯರು ಬಂದು ಬಾಗಿಲಲ್ಲೇ ನಿಂತು ಸಂತೋಷಪಟ್ಟರು. "ನೋಡಿದ್ರಾ ಸಿಸ್ಟರ್, ಈಗ ಚಿನ್ನದ ತಾಳಿಯೋರು, ಒಳ್ಳೆ ಮನೆತನದೋರು ಬರ್ತಿದ್ದಾರೆ!" ಡಾಕ್ಟರು ಪರದೆಯ ಹಿಂದೆ ಕೆಮ್ಮಿದರು. ಹೀಗೆ ಆ ಕ್ಲಿನಿಕ್ಕು, ಮನೆಯವರು ಜಾಗ ಮಾರುವವರೆಗೆ, ಇನ್ನೂ ಆರು ವರ್ಷ ನಡೆಯಿತು.

ಇಲ್ಲಿಗೆ ನಿಲ್ಲಿಸಿದರೆ ಓದುವವರು ನನ್ನನ್ನು ಒಳ್ಳೆಯವಳೆಂದುಕೊಂಡಾರು. ಅದಕ್ಕೇ ಇನ್ನೊಂದು ಮಾತು ಹೇಳಬೇಕು.

ಆ ಮಳೆಗಾಲದ ಕೊನೆಯ ಒಂದು ಶನಿವಾರ, ಕ್ಲಿನಿಕ್ ಮುಗಿದ ಮೇಲೆ ರಾಜಮ್ಮ ತನ್ನ ತಾಳಿ ಒಯ್ಯಲು ಬಂದಳು. ನಾನು ಒಂದು ಸ್ಟೀಲ್ ಬಟ್ಟಲಿಗೆ ಸ್ಪಿರಿಟ್ ಸುರಿದು, ಅದರಲ್ಲಿ ನನ್ನ ತಾಳಿ ಸರ ಅದ್ದಿಟ್ಟು ಕೂತಿದ್ದೆ. ದಿನವೂ ಹಾಗೆ ಮಾಡುತ್ತಿದ್ದೆ, ತೊಳೆಯದೆ ಕೊರಳಿಗೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

"ಇದ್ಯಾಕಮ್ಮ ತೊಳೀತಿದೀರಾ?" ಎಂದಳು.

"ರೋಗ ಅಂಟುತ್ತಲ್ಲ," ಎಂದೆ. ಹಾಗೆ ಅಂಟುವ ರೋಗಗಳಲ್ಲ ಅವು. ಅದನ್ನು ದಿನಕ್ಕೆ ಹತ್ತು ಜನಕ್ಕೆ ಬಿಡಿಸಿ ಹೇಳುತ್ತಿದ್ದವಳು ನಾನೇ.

ರಾಜಮ್ಮ ಮೇಜಿನ ಮೇಲಿದ್ದ ತನ್ನ ದಾರ ತೆಗೆದುಕೊಂಡಳು. ಇನ್ನೊಬ್ಬಳ ಕೊರಳಿನ ಬೆವರು ಅದರಲ್ಲಿ ಆರಿರಲಿಲ್ಲ. ಹಾಗೆಯೇ ತಲೆಯ ಮೇಲಿನಿಂದ ಹಾಕಿಕೊಂಡು, ಕೊಂಬನ್ನು ಎರಡು ಕಣ್ಣಿಗೂ ಒತ್ತಿಕೊಂಡು, "ಅವ್ರು ಏಳೋ ಹೊತ್ತಾಯ್ತು, ಬರ್ತೀನಮ್ಮ," ಎಂದು ಮೆಟ್ಟಿಲಿಳಿದು ಹೋದಳು. ನನ್ನದು ಇನ್ನೂ ಸ್ಪಿರಿಟ್ಟಿನಲ್ಲೇ ಇತ್ತು.